ಒಂದು ರೊಟ್ಟಿ ಬೇಯುವಷ್ಟು ಹೊತ್ತು: ಪ್ರಶ್ನೆ ಕೇಳಿದ ಮೇಲೆ ಮಕ್ಕಳಿಗೆ ಎಷ್ಟು ಸಮಯ ಕೊಡುತ್ತೇವೆ?

ದುರ್ಗದ ಗಣಿತ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಚಿತ್ರದುರ್ಗದವಳು. ಹತ್ತಿರದ ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ 14 ವರ್ಷದಿಂದ ಗಣಿತ ಪಾಠ ಮಾಡುತ್ತಿದ್ದೇನೆ. ಮನೆಯಲ್ಲಿ 6ನೇ ತರಗತಿ ಓದುವ ಮಗ ಇದ್ದಾನೆ. ಹೋದ ವಾರ ನಡೆದ ಒಂದು ವಿಷಯ ತಲೆಯಿಂದ ಹೋಗುತ್ತಲೇ ಇಲ್ಲ. ಇಲ್ಲಿ ಮೇಷ್ಟ್ರುಗಳೂ ಇದ್ದೀರಿ, ಅಪ್ಪ ಅಮ್ಮಂದಿರೂ ಇದ್ದೀರಿ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ.

ಶನಿವಾರ ಸಂಜೆ ಮಗನಿಗೆ ಭಿನ್ನರಾಶಿ ಹೇಳಿಕೊಡಲು ಕೂತೆ. ಲೆಕ್ಕ ಇಷ್ಟೇ: 3/4ರಲ್ಲಿ 1/8 ಕಳೆದರೆ ಎಷ್ಟು? ಅವನು 2/4 ಅಂತ ಬರೆದ. ಮೇಲಿನ 3ರಲ್ಲಿ 1 ಹೋದರೆ 2, ಕೆಳಗಿನ 8ರಲ್ಲಿ 4 ಹೋದರೆ 4. ಈ ತಪ್ಪು ನನಗೆ ಹೊಸದಲ್ಲ. ಪ್ರತಿ ವರ್ಷ 8ನೇ ತರಗತಿಗೆ ಬರುವ ಮಕ್ಕಳಲ್ಲಿ ಕೆಲವರಾದರೂ ಹೀಗೆ ಮಾಡುತ್ತಾರೆ. ಶಾಲೆಯಲ್ಲಿ ನಾನು ಸಿಟ್ಟಾಗುವುದಿಲ್ಲ. 'ಹೆಂಗೆ ಬಂತು ಹೇಳು ನೋಡೋಣ' ಅಂತ ಕೇಳುತ್ತೇನೆ. ಮನೆಯಲ್ಲಿ ಹಾಗೆ ಕೇಳಲಿಲ್ಲ. 'ಛೇದ ಸಮ ಮಾಡ್ಕೋಬೇಕು ಅಂತ ಎಷ್ಟು ಸಲ ಹೇಳಿದ್ದೀನಿ?' ಅಂದೆ. ಅವನು ಸುಮ್ಮನಾದ. '4 ಮತ್ತು 8ರ ಲ.ಸಾ.ಅ. ಎಷ್ಟು?' ಅಂದೆ, ಅಂದರೆ ಎರಡರಿಂದಲೂ ಭಾಗವಾಗುವ ಅತಿ ಚಿಕ್ಕ ಸಂಖ್ಯೆ. ಅವನು ಬಾಯಿ ಬಿಡುವಷ್ಟರಲ್ಲಿ ನಾನೇ '8 ಅಲ್ವಾ?' ಅಂದೆ. ಇನ್ನೊಂದು ಪ್ರಶ್ನೆ, ಅದಕ್ಕೂ ನನ್ನದೇ ಉತ್ತರ. ಹತ್ತು ನಿಮಿಷದಲ್ಲಿ ಲೆಕ್ಕ ಮುಗಿಯಿತು. ಮಾಡಿದ್ದೆಲ್ಲ ನಾನು. ಅವನ ಕಣ್ಣಲ್ಲಿ ನೀರು ತುಂಬಿಕೊಂಡಿತ್ತು. ಪೆನ್ಸಿಲ್ ತುದಿಯನ್ನು ಹಾಳೆಗೆ ಒತ್ತಿ ಒತ್ತಿ ತೂತು ಮಾಡಿದ್ದ.

ಭಾನುವಾರ ಚಳ್ಳಕೆರೆ ಕಡೆಯ ಊರಿಂದ ನಮ್ಮ ಅತ್ತೆ ಬಂದರು. ಜೊತೆಗೆ ಅರ್ಧ ಚೀಲ ಶೇಂಗಾ ತಂದಿದ್ದರು. ಮಧ್ಯಾಹ್ನ ಅಜ್ಜಿ ಮೊಮ್ಮಗ ಇಬ್ಬರೂ ಪಡಸಾಲೆಯಲ್ಲಿ ಕೂತು ಕಾಯಿ ಸುಲಿಯುತ್ತಿದ್ದರು. ನಾನು ಅಡುಗೆಮನೆಯಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದೆ. ಅತ್ತೆ ಸುಲಿದ ಬೀಜವನ್ನು ಹಳೆಯ ಹಿತ್ತಾಳೆ ಪಾವಿನಲ್ಲಿ ಅಳೆದು ಡಬ್ಬಿಗೆ ಸುರಿದರು. 'ಮೂರು ಪಾವು ಆದವು ನೋಡಪ್ಪಾ. ಅದರಾಗೆ ಚಟ್ನಿಪುಡಿಗೆ ಅಂತ ಅರೆಪಾವು ತೆಗೆದೆ. ಡಬ್ಬಿಯಾಗೆ ಎಷ್ಟು ಉಳೀತು?' ಅಂದರು.

ಅವನು ಮಾತಾಡಲಿಲ್ಲ. ಕಾಯಿ ಸುಲಿಯುವ ಚಟ್ ಚಟ್ ಸದ್ದು ಮಾತ್ರ ಕೇಳುತ್ತಿತ್ತು. ಅತ್ತೆಯೂ ಮಾತಾಡಲಿಲ್ಲ. ನನ್ನ ನಾಲಿಗೆ ತುದಿಯಲ್ಲಿ ಉತ್ತರ ಕುಣಿಯುತ್ತಿತ್ತು. ಆದರೆ ಕೈ ತುಂಬ ಹಿಟ್ಟು, ಹಂಚಿನ ಮೇಲೆ ರೊಟ್ಟಿ. ನೀರು ಸವರಿದೆ, ತಿರುವಿ ಹಾಕಿದೆ, ಬಟ್ಟೆಯಿಂದ ಒತ್ತಿದೆ, ಉಬ್ಬಿತು, ತೆಗೆದೆ. ಆಗ ಅವನ ದನಿ ಬಂತು. 'ಎರಡೂವರೆ ಪಾವು ಅಜ್ಜಿ.' ಅತ್ತೆ 'ಹೂಂ' ಅಂದರು. ಮತ್ತೆ ಸುಮ್ಮನೆ ಸುಲಿಯತೊಡಗಿದರು. ಇನ್ನೂ ಸ್ವಲ್ಪ ಹೊತ್ತಾದ ಮೇಲೆ ಅವನೇ, 'ಅಂದ್ರೆ ಐದು ಅರೆಪಾವು. ಒಂದು ಸೇರಿಗೆ ಎಂಟು ಅರೆಪಾವು. ಎಂಟರಲ್ಲಿ ಐದು!' ಅಂತ ಜೋರಾಗಿ ಹೇಳಿದ.

ಪಾವು ಅಂದರೆ ಕಾಲು ಸೇರು. ಅರೆಪಾವು ಅಂದರೆ ಸೇರಿನ ಎಂಟನೇ ಒಂದು ಭಾಗ. ಅತ್ತೆ ಕೇಳಿದ್ದು 3/4ರಲ್ಲಿ 1/8 ಕಳೆದರೆ ಎಷ್ಟು ಅಂತಲೇ. ಹಿಂದಿನ ದಿನ ಅಳುತ್ತಾ ಕೂತಿದ್ದ ಹುಡುಗನೇ 5/8 ಅಂತ ಹೇಳಿದ. ನಮ್ಮ ಅತ್ತೆ ಶಾಲೆಗೆ ಹೋದದ್ದು ಎರಡನೇ ಕ್ಲಾಸಿನವರೆಗೆ.

ಬೀಜ ಕಣ್ಣ ಮುಂದೆ ಇತ್ತು, ಪಾವು ಕೈಗೆ ಸಿಗುತ್ತಿತ್ತು, ಅದೂ ಒಂದು ಕಾರಣ. ಆದರೆ ನನಗೆ ನಾಟಿದ್ದು ಬೇರೆ. ಒಂದು ರೊಟ್ಟಿ ಬೇಯುವಷ್ಟು ಹೊತ್ತು ಅವರು ಸುಮ್ಮನಿದ್ದರು. ನನಗೆ ಅದು ಆಗಿರಲಿಲ್ಲ. ಅಮೆರಿಕದಲ್ಲಿ ಮೇರಿ ಬಡ್ ರೋ ಅಂತ ಒಬ್ಬ ವಿಜ್ಞಾನ ಶಿಕ್ಷಣ ತಜ್ಞೆ ಇದ್ದರು. 1970ರ ದಶಕದಲ್ಲಿ ಅವರು ತರಗತಿಗಳ ಮಾತನ್ನು ರೆಕಾರ್ಡ್ ಮಾಡಿ ಅಳೆದು ನೋಡಿದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುವುದು ಸುಮಾರು ಒಂದೇ ಒಂದು ಸೆಕೆಂಡು ಅಂತ ಗೊತ್ತಾಯಿತು. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು. ಜಾಸ್ತಿ ಮಕ್ಕಳು ಬಾಯಿ ಬಿಟ್ಟರು. ತಾವಾಗಿ ಪ್ರಶ್ನೆ ಕೇಳುವುದೂ ಹೆಚ್ಚಾಯಿತು. ಇದನ್ನು ನಾನು ಓದಿದ್ದೇನೆ, ತರಬೇತಿಯಲ್ಲಿ ಬೇರೆ ಟೀಚರುಗಳಿಗೆ ಹೇಳಿಯೂ ಇದ್ದೇನೆ. ಶಾಲೆಯಲ್ಲಿ ಎಷ್ಟೋ ಮಟ್ಟಿಗೆ ಪಾಲಿಸುತ್ತೇನೆ. ಮನೆಗೆ ಬಂದು ಚಪ್ಪಲಿ ಬಿಟ್ಟ ತಕ್ಷಣ ಅದೆಲ್ಲಿ ಹೋಗುತ್ತದೆ?

ನಿಮ್ಮಲ್ಲೂ ಹೀಗಾಗುತ್ತದಾ? ಊರವರ ಮಕ್ಕಳಿಗೆ ಇರುವ ತಾಳ್ಮೆ ನಮ್ಮ ಮಕ್ಕಳಿಗೆ ಯಾಕೆ ಇರಲ್ಲ?

ಹರಿಹರದ ಅಮ್ಮ

ಟೀಚರ್, ಓದಿ ಗಂಟಲು ಕಟ್ಟಿತು. ನಾನು ಟೀಚರ್ ಅಲ್ಲ, ಬ್ಯಾಂಕಿನಲ್ಲಿ ಕೆಲಸ. ನಿಮ್ಮ ಕೊನೆಯ ಪ್ರಶ್ನೆಗೆ ನನಗೆ ಗೊತ್ತಿರುವ ಉತ್ತರ ಭಯ. ಊರವರ ಮಕ್ಕಳು ತಪ್ಪು ಮಾಡಿದರೆ ಅದು ಬರೀ ತಪ್ಪು. ನಮ್ಮ ಮಕ್ಕಳು ತಪ್ಪು ಮಾಡಿದರೆ ಮುಂದಿನ ಹತ್ತು ವರ್ಷ ಕಣ್ಣ ಮುಂದೆ ಬಂದು ನಿಲ್ಲುತ್ತದೆ. ನನ್ನ ಮಗ 8ನೇ ತರಗತಿಯಲ್ಲಿ ಎರಡು ಟೆಸ್ಟಿನ ಅಂಕ ನನಗೆ ತೋರಿಸಿಯೇ ಇರಲಿಲ್ಲ. ಮೂರು ತಿಂಗಳಾದ ಮೇಲೆ ಗೊತ್ತಾಯಿತು. 'ಯಾಕೋ ಹೇಳಲಿಲ್ಲ?' ಅಂದರೆ, 'ಹೇಳೋಕೆ ಬಿಟ್ರೆ ತಾನೇ' ಅಂದ. ಆ ಮಾತು ಈಗಲೂ ಚುಚ್ಚುತ್ತದೆ.

ಈಗ ಒಂದು ದಾರಿ ಸಿಕ್ಕಿದೆ. ಟ್ಯೂಷನ್‌ನಿಂದ ಸ್ಕೂಟರಿನಲ್ಲಿ ಕರೆದುಕೊಂಡು ಬರುತ್ತೇನಲ್ಲ, ಆಗ ಏನೂ ಕೇಳುವುದಿಲ್ಲ. ತುಂಗಭದ್ರಾ ಸೇತುವೆ ದಾಟುವಷ್ಟರಲ್ಲಿ ಅವನೇ ಹಿಂದಿನಿಂದ ಶುರು ಮಾಡುತ್ತಾನೆ. ಮನೆಯಲ್ಲಿ ಎದುರು ಕೂರಿಸಿ ಕೇಳಿದರೆ ಒಂದು ಮಾತೂ ಬರಲ್ಲ. ಅದು ಯಾಕೋ ನನಗೆ ತಿಳಿದಿಲ್ಲ. ಆದರೆ ದಿನಾ ಹಾಗೇ ಆಗುತ್ತದೆ.

ಸಿಲಬಸ್ ಮೇಷ್ಟ್ರು, ದಾವಣಗೆರೆ

ಮೇಡಂ, ನಿಮ್ಮ ಅನುಭವಕ್ಕೆ ಗೌರವ ಇದೆ. ಆದರೆ ಎಸ್ಸೆಸ್ಸೆಲ್ಸಿ ತಗೊಳ್ಳುವ ನಮ್ಮಂಥವರ ಕಷ್ಟ ಬೇರೆ. ನನ್ನ ಕ್ಲಾಸಿನಲ್ಲಿ 58 ಮಕ್ಕಳು. ಪಿರಿಯಡ್ 40 ನಿಮಿಷ. ಅದರಲ್ಲಿ ಹಾಜರಿಗೆ ಐದು ನಿಮಿಷ, ಹೋಂವರ್ಕ್ ನೋಡಲು ಐದು ನಿಮಿಷ. ಡಿಸೆಂಬರಿನೊಳಗೆ ಪಾಠ ಮುಗಿಯಬೇಕು, ಆಮೇಲೆ ಪುನರಾವರ್ತನೆ, ಪೂರ್ವಸಿದ್ಧತಾ ಪರೀಕ್ಷೆ. ಕೊನೆಗೆ ಎಲ್ಲರೂ ಕೇಳುವುದು 625ಕ್ಕೆ ಎಷ್ಟು ಅಂತ. ನಾನು ಎಷ್ಟು ಹೊತ್ತು ಕಾದೆ ಅಂತ ಯಾರೂ ಕೇಳಲ್ಲ. ರೊಟ್ಟಿ ಬೇಯುವಷ್ಟು ಹೊತ್ತು ಸುಮ್ಮನೆ ನಿಂತರೆ ಹಿಂದಿನ ಬೆಂಚಿನಲ್ಲಿ ಸಂತೆ ಶುರುವಾಗುತ್ತದೆ. ಬೇಸರದಿಂದಲೇ ಹೇಳುತ್ತಿದ್ದೇನೆ, ತಪ್ಪು ತಿಳಿಯಬೇಡಿ.

ದುರ್ಗದ ಗಣಿತ ಟೀಚರ್

ಸರ್, ಖಂಡಿತ ತಪ್ಪು ತಿಳಿಯಲ್ಲ. ನಾನೂ 10ನೇ ತರಗತಿ ತಗೊಳ್ಳುತ್ತೇನೆ. ಆ ಡಿಸೆಂಬರಿನ ಓಟ ನನಗೂ ಗೊತ್ತು.

ಆದರೆ ಒಂದು ಲೆಕ್ಕ ಹಾಕಿ ನೋಡೋಣ. ಒಂದು ಪಿರಿಯಡ್‌ನಲ್ಲಿ 15 ಪ್ರಶ್ನೆ ಕೇಳುತ್ತೇವೆ ಅಂತ ಇಟ್ಟುಕೊಳ್ಳಿ. ಪ್ರತಿ ಪ್ರಶ್ನೆಗೆ 2 ಸೆಕೆಂಡ್ ಜಾಸ್ತಿ ಕಾದರೆ 30 ಸೆಕೆಂಡ್. ರೋ ಅವರು ಇನ್ನೊಂದು ಜಾಗದಲ್ಲೂ ಕಾಯಬೇಕು ಅನ್ನುತ್ತಾರೆ. ಮಗು ಉತ್ತರ ಹೇಳಿದ ಮೇಲೆ ನಾವು ತಕ್ಷಣ 'ಗುಡ್' ಅಂತಲೋ 'ತಪ್ಪು' ಅಂತಲೋ ಬಾಯಿ ಹಾಕುತ್ತೇವಲ್ಲ, ಅಲ್ಲಿ. ಅದಕ್ಕೆ ಇನ್ನೊಂದು 30 ಸೆಕೆಂಡ್ ಹಿಡಿಯಿರಿ. ಎಲ್ಲ ಸೇರಿ 40 ನಿಮಿಷದಲ್ಲಿ ಒಂದು ನಿಮಿಷ. ಸಿಲಬಸ್ ಮುಗಿಸಲು ಇದು ಅಡ್ಡ ಬರಲ್ಲ ಸರ್. ಅಡ್ಡ ಬರುವುದು ನಮ್ಮ ಗಾಬರಿ. ಸುಮ್ಮನಿದ್ದರೆ ನಮಗೆ ಪಾಠ ನಿಂತುಹೋದ ಹಾಗೆ ಅನಿಸುತ್ತದೆ.

ನಾನು ಮಾಡುವುದು ಇಷ್ಟು. ಪ್ರಶ್ನೆ ಕೇಳಿ, ಕಾಲಿನ ಹೆಬ್ಬೆರಳನ್ನು ನಿಧಾನವಾಗಿ ಮೂರು ಸಲ ನೆಲಕ್ಕೆ ಒತ್ತುತ್ತೇನೆ. ಮಕ್ಕಳಿಗೆ ಕಾಣಲ್ಲ. ಮೊದಲ ಒಂದು ತಿಂಗಳು ಕಷ್ಟ ಆಯಿತು. ಮೊದಲು ಯಾವಾಗಲೂ ಅದೇ ಐದು ಮಕ್ಕಳು ಕೈ ಎತ್ತುತ್ತಿದ್ದರು. ಆಮೇಲಾಮೇಲೆ ಕಿಟಕಿ ಪಕ್ಕ ಕೂರುತ್ತಿದ್ದ ಒಬ್ಬ ಹುಡುಗಿ ಕೈ ಎತ್ತಿದಳು. ಅವಳ ದನಿಯನ್ನು ನಾನು ಜೂನ್‌ನಿಂದ ಕೇಳಿಯೇ ಇರಲಿಲ್ಲ. ಆಗ ಅಕ್ಟೋಬರ್.

ಮಂಡಕ್ಕಿ ಭಟ್ಟಿ, ದಾವಣಗೆರೆ

ನಮಸ್ಕಾರ ಎಲ್ಲರಿಗೂ. ನಾನು ಓದಿದ್ದು ಏಳನೇ ಕ್ಲಾಸು. ಅಪ್ಪಾಜಿ ಕಾಲದಿಂದ ಮಂಡಕ್ಕಿ ಮಾಡುವ ಕೆಲಸ. ನಿಮ್ಮಂಥವರ ನಡುವೆ ಬರೆಯಲು ಹಿಂಜರಿಕೆ ಆಗುತ್ತದೆ, ಆದರೂ ಬರೆಯುತ್ತೇನೆ. ನನ್ನ ಮಗಳು 9ನೇ ತರಗತಿ, ಇಂಗ್ಲಿಷ್ ಮೀಡಿಯಂ. ಅವಳ ಪುಸ್ತಕ ತೆಗೆದರೆ ನನಗೆ ಒಂದಕ್ಷರ ಅರ್ಥವಾಗಲ್ಲ. ಬೇರೆ ಮಕ್ಕಳ ಅಪ್ಪಂದಿರು ಹೇಳಿಕೊಡುತ್ತಾರೆ, ನನ್ನ ಕೈಲಿ ಆಗಲ್ಲವಲ್ಲ ಅಂತ ಬಹಳ ದಿನ ಒಳಗೊಳಗೇ ಕೊರಗಿದ್ದೇನೆ.

ಒಂದು ದಿನ ಭಟ್ಟಿಗೆ ಬಂದವಳು ನಿಂತು ನೋಡುತ್ತಿದ್ದಳು. ಕಾದ ಮರಳಿಗೆ ಅಕ್ಕಿ ಹಾಕಿದ ತಕ್ಷಣ ಅರಳುತ್ತದಲ್ಲ, ಅದನ್ನು ನೋಡಿ 'ಅಪ್ಪಾ, ಯಾಕೆ ಹಿಂಗೆ ಅರಳುತ್ತೆ?' ಅಂದಳು. 25 ವರ್ಷದಿಂದ ನೋಡುತ್ತಿದ್ದೇನೆ, ಯಾಕೆ ಅಂತ ಗೊತ್ತಿಲ್ಲ. 'ಗೊತ್ತಿಲ್ಲವ್ವಾ, ನೀನೇ ಓದಿ ನನಗೆ ಹೇಳು' ಅಂದೆ. ಎರಡು ದಿನ ಬಿಟ್ಟು ಬಂದಳು. ಅಕ್ಕಿಯೊಳಗೆ ಸ್ವಲ್ಪ ತೇವ ಇರುತ್ತದೆ, ಜೋರು ಶಾಖಕ್ಕೆ ಅದು ಒಮ್ಮೆಗೇ ಆವಿಯಾಗುತ್ತದೆ, ಹೊರಗೆ ಬರಲು ನುಗ್ಗಿದಾಗ ಕಾಳು ಉಬ್ಬುತ್ತದೆ ಅಂತ ಹೇಳಿದಳು. ಅದಕ್ಕೆ ನಾನು, 'ಹಂಗಾದ್ರೆ ಅಕ್ಕಿ ಪೂರಾ ಒಣಗಿದ್ರೆ ಅರಳಲ್ಲ ಅನ್ನೋದು ಅದಕ್ಕೇ ಇರಬೇಕು' ಅಂದೆ. ಅದು ನಮಗೆ ಕೈಯಿಂದ ಗೊತ್ತಿರುವ ವಿಷಯ. ಅವಳಿಗೆ ಅದು ಹೊಸದು. 'ಇರು ಅಪ್ಪಾ, ಬರ್ಕೋತೀನಿ' ಅಂದಳು.

ಆವತ್ತಿನಿಂದ ದಿನಾ ರಾತ್ರಿ ಊಟ ಆದ ಮೇಲೆ ಅವಳು ನನಗೆ ಒಂದು ಪಾಠ ಹೇಳುತ್ತಾಳೆ, ಕನ್ನಡದಲ್ಲಿ. ನನಗೆ ಅರ್ಥ ಆಗದಿದ್ದರೆ ತಿರುಗಿ ಹೇಳುತ್ತಾಳೆ. ತಿರುಗಿ ಹೇಳುವಾಗ ಎಷ್ಟೋ ಸಲ ಅವಳೇ ನಿಂತು, 'ಇದು ನಂಗೂ ಸರಿಯಾಗಿ ಗೊತ್ತಿಲ್ಲ' ಅಂತ ಪುಸ್ತಕ ತೆಗೆಯುತ್ತಾಳೆ. ನಾನು ಕಾಯುತ್ತೇನೆ. ನನಗೆ ಕಾಯುವುದು ಕಷ್ಟವಲ್ಲ ಟೀಚರ್, ಉತ್ತರ ನನಗೆ ಗೊತ್ತಿರಲ್ಲವಲ್ಲ.

ಮನಶ್ಶಾಸ್ತ್ರ ಉಪನ್ಯಾಸಕಿ

ಮಂಡಕ್ಕಿ ಭಟ್ಟಿಯ ಅಣ್ಣನವರೇ, ನಿಮ್ಮ ಮನೆಯಲ್ಲಿ ನಡೆಯುತ್ತಿರುವುದು ಓದುವ ವಿಧಾನಗಳಲ್ಲೇ ಬಹಳ ಗಟ್ಟಿಯಾದದ್ದು. ಕೊರಗಬೇಡಿ. ಇದಕ್ಕೆ ಒಳ್ಳೆಯ ಪುರಾವೆ ಇದೆ.

ಜರ್ಮನಿಯ ಎಬಿಂಗ್‌ಹೌಸ್ ಎಂಬ ವಿಜ್ಞಾನಿ ತನ್ನ ಮೇಲೆ ತಾನೇ ಪ್ರಯೋಗ ಮಾಡಿಕೊಂಡು, 1885ರಲ್ಲಿ ಮರೆವಿನ ಬಗ್ಗೆ ಬರೆದರು. ಕಲಿತದ್ದು ಮೊದಲ ಕೆಲವು ಗಂಟೆಗಳಲ್ಲೇ ಬಹಳಷ್ಟು ಹಾರಿಹೋಗುತ್ತದೆ, ಆಮೇಲೆ ಮರೆವು ನಿಧಾನವಾಗುತ್ತದೆ ಅಂತ ತೋರಿಸಿದರು. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಇನ್ನೊಂದು ಪ್ರಯೋಗ ಮಾಡಿದರು. ವಿದ್ಯಾರ್ಥಿಗಳಿಗೆ ಒಂದು ಪಾಠ ಕೊಟ್ಟರು. ಕೆಲವರು ಅದನ್ನೇ ಮತ್ತೆ ಮತ್ತೆ ಓದಿದರು. ಕೆಲವರು ಓದಿ, ಪುಟ ಮುಚ್ಚಿ, ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ, ಮುಚ್ಚಿ ನೆನಪಿಸಿಕೊಂಡವರು ಮುಂದೆ ಬಂದರು.

ನಮ್ಮ ಮನೆಗಳಲ್ಲಿ ಎಡವುವುದು ಇಲ್ಲೇ. ಮಗು ಗಟ್ಟಿಯಾಗಿ ಓದುವ ಸದ್ದು ಕೇಳುತ್ತಿದ್ದರೆ ನಮಗೆ ಸಮಾಧಾನ. ಪುಸ್ತಕ ಮುಚ್ಚಿ ಮೇಲೆ ನೋಡುತ್ತಾ ಕೂತರೆ 'ಏನು ಕನಸು ಕಾಣ್ತಾ ಇದ್ದೀಯಾ? ಓದು' ಅನ್ನುತ್ತೇವೆ. ನಿಜವಾದ ಕೆಲಸ ನಡೆಯುತ್ತಿರುವುದು ಆವಾಗಲೇ ಇರಬಹುದು.

ಹರಿಹರದ ಅಮ್ಮ

ಅಯ್ಯೋ ಮೇಡಂ, ನಿನ್ನೆ ರಾತ್ರಿ ಅಷ್ಟೇ ಆ ಮಾತು ಅಂದೆ! ಮಗನಿಗೆ ಇವತ್ತು ಸಾರಿ ಕೇಳುತ್ತೇನೆ.

ನಿವೃತ್ತ ನಲಿಕಲಿ ಶಿಕ್ಷಕಿ, ಹೊಸದುರ್ಗ

ಮಕ್ಕಳೇ, ಎಲ್ಲರ ಮಾತು ಓದಿದೆ. ನನಗೆ ನಲಿಕಲಿ ನೆನಪಾಯಿತು, ಚಿಕ್ಕ ತರಗತಿಯ ಮಕ್ಕಳು ಚಟುವಟಿಕೆ ಮಾಡುತ್ತಾ ತಮ್ಮ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ. 1995ರಲ್ಲಿ ಎಚ್.ಡಿ.ಕೋಟೆಯಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಬಂತು. ಗೋಡೆಯ ಮೇಲೆ ಕಲಿಕಾ ಏಣಿ ಇರುತ್ತಿತ್ತು. ಪ್ರತಿ ಮಗು ತನ್ನ ಮೆಟ್ಟಿಲು ಹುಡುಕಿ, ಕಾರ್ಡ್ ತೆಗೆದುಕೊಂಡು, ತನ್ನ ತಟ್ಟೆಗೆ, ಅಂದರೆ ತನ್ನ ಗುಂಪಿಗೆ, ಹೋಗಿ ಕೂರುತ್ತಿತ್ತು. ನಾಲ್ಕು ದಿನ ರಜೆ ಹಾಕಿ ಬಂದ ಮಗುವೂ ಬಿಟ್ಟ ಮೆಟ್ಟಿಲಿನಿಂದಲೇ ಶುರು ಮಾಡಬಹುದಿತ್ತು. ಈರುಳ್ಳಿ ಕೀಳುವ ಕಾಲದಲ್ಲಿ ನಮ್ಮ ಕಡೆ ಎಷ್ಟು ಮಕ್ಕಳು ಹೊಲಕ್ಕೆ ಹೋಗುತ್ತಿದ್ದರು ಗೊತ್ತಾ? ಅಂಥವರಿಗೆ ಅದು ಎಷ್ಟು ಅನುಕೂಲ ಆಗಿತ್ತು! ದಾಖಲೆ ಬರೆಯುವ ಕೆಲಸ ಜಾಸ್ತಿ, ಒಬ್ಬರೇ ಶಿಕ್ಷಕಿ ಇದ್ದರೆ ಏದುಸಿರು, ಅದೂ ನಿಜ.

ಪಾವು ಸೇರಿನ ಮಾತು ಓದಿ ಖುಷಿಯಾಯಿತು. ನಮ್ಮ ಅಪ್ಪ ಕೂಲಿಮಠದಲ್ಲಿ, ಅಂದರೆ ಹಳೆಯ ಕಾಲದ ಊರ ಶಾಲೆಯಲ್ಲಿ, ಓದಿದವರು. ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿ ಅವರ ಬಾಯಲ್ಲಿ ನೀರು ಕುಡಿದ ಹಾಗೆ. ಹದಿನಾರನೇ ಒಂದು ಭಾಗಕ್ಕೆ 'ವೀಸ' ಅನ್ನುತ್ತಿದ್ದರು. ಮಕ್ಕಳಿಗೆ 'ಹದಿನಾರನೇ ಒಂದು' ಅಂದರೆ ಭಾರ. 'ಪಾವಿನಲ್ಲಿ ಕಾಲು ಭಾಗ, ಚಟಾಕು' ಅಂದರೆ ಅಂಗೈಯಲ್ಲಿ ಕಾಣುತ್ತದೆ.

ಹಿರಿಯೂರು ಅಪ್ಪ

ನನ್ನದೂ ಒಂದು. 2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ಮಗಳನ್ನು ಕರೆದುಕೊಂಡು ಹೋಗಿದ್ದೆ. ಅಣೆಕಟ್ಟು ಕಟ್ಟಿ ಮುಗಿದದ್ದು 1907ರಲ್ಲಿ. 2022ಕ್ಕೂ ಮುಂಚೆ ಕೋಡಿ ಬಿದ್ದದ್ದು 1933ರಲ್ಲಿ. ನಮ್ಮಪ್ಪ ಹುಟ್ಟುವ ಮೊದಲು. ಆವತ್ತಿನ ಜನ ನೋಡಬೇಕಿತ್ತು, ಜಾತ್ರೆಯ ಹಾಗೆ. ಮಗಳು ಮನಸ್ಸಿನಲ್ಲೇ ಕಳೆದು, 'ಅಪ್ಪಾ, 89 ವರ್ಷ ಯಾಕೆ ತುಂಬಲಿಲ್ಲ?' ಅಂದಳು. ನಾನು ಥಟ್ಟನೆ 'ಮಳೆ ಬರಲಿಲ್ಲ' ಅಂದೆ. 'ಎಂಬತ್ತೊಂಬತ್ತು ವರ್ಷ ಮಳೆನೇ ಬರ್ಲಿಲ್ವಾ?' ಅಂದಳು!

ನಾನು ಉತ್ತರ ಹೇಳಿದ್ದು ಅವಳ ಬಾಯಿ ಮುಚ್ಚಿಸಲು, ಅಷ್ಟೇ. ಮನೆಗೆ ಬಂದು ನಕ್ಷೆ ಹಿಡಿದು ಕೂತೆವು. ಚಿಕ್ಕಮಗಳೂರು ಕಡೆಯ ಬೆಟ್ಟದಿಂದ ವೇದಾ, ಅವತಿ ಎರಡು ಹೊಳೆ ಬಂದು ಕಡೂರು ಹತ್ತಿರ ಸೇರಿ ವೇದಾವತಿ ಆಗುತ್ತದೆ. ದಾರಿಯಲ್ಲಿ ಅಯ್ಯನಕೆರೆ, ಮದಗದ ಕೆರೆ. ಅವು ತುಂಬಿ ಕೋಡಿ ಬಿದ್ದ ಮೇಲೆ ನಮ್ಮ ಕಡೆಗೆ. ಈಚೆಗೆ ಭದ್ರಾ ನೀರೂ ಬಂದು ಸೇರುತ್ತಿದೆ. ಬೆರಳಿಟ್ಟು ಹೊಳೆಯ ಗುಂಟ ಬರುತ್ತಾ ಬರುತ್ತಾ ಅವಳೇ ಒಂದೊಂದಾಗಿ ಹೇಳಿದಳು. ನನಗೂ ಅದೆಲ್ಲ ಗೊತ್ತಾದದ್ದು ಆವತ್ತೇ.

ಸಮಾಜ ವಿಜ್ಞಾನ ಮೇಷ್ಟ್ರು, ಮೊಳಕಾಲ್ಮೂರು

ನಮ್ಮ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇದೆ. ಶಾಸನ ತಜ್ಞ ಬಿ.ಎಲ್. ರೈಸ್ 1892ರಲ್ಲಿ ಪತ್ತೆ ಮಾಡಿದ್ದು. ಪ್ರತಿ ವರ್ಷ ಮಕ್ಕಳನ್ನು ಕರೆದೊಯ್ಯುತ್ತೇನೆ. ತಂದೆ ತಾಯಿಯ ಮಾತು ಕೇಳಬೇಕು, ಪ್ರಾಣಿಗಳ ಮೇಲೆ ದಯೆ ಇರಬೇಕು, ಸತ್ಯ ಹೇಳಬೇಕು, ಶಿಷ್ಯನಾದವನು ಗುರುವನ್ನು ಗೌರವಿಸಬೇಕು ಅಂತ ಆ ಬಂಡೆಯ ಮೇಲೆ ಇದೆ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದಿನದು. ಕೊನೆಯಲ್ಲಿ ಬರೆದವನ ಹೆಸರೂ ಇದೆ, ಚಪಡ ಅಂತ. ಮಕ್ಕಳಿಗೆ ರಾಜನಿಗಿಂತ ಈ ಚಪಡನ ಮೇಲೇ ಪ್ರೀತಿ.

ಹೋದ ವರ್ಷ ಒಬ್ಬ ಹುಡುಗ ಕೇಳಿದ: 'ಸರ್, ಮೇಷ್ಟ್ರು ಮಕ್ಕಳ ಮಾತು ಕೇಳಬೇಕು ಅಂತ ಬರೆದಿಲ್ವಾ?' ಎಲ್ಲರೂ ನಕ್ಕರು. ನಾನೂ ನಕ್ಕು ಮುಂದೆ ಹೋಗಬಹುದಿತ್ತು. ಹೋಗಲಿಲ್ಲ. 'ಇಲ್ಲಪ್ಪಾ, ಬರೆದಿಲ್ಲ. ನೀನಾಗಿದ್ರೆ ಏನು ಬರೆಸ್ತಿದ್ದೆ?' ಅಂದೆ. ಬಿಸಿಲಿತ್ತು, ಬಸ್ಸಿನವನು ಹಾರ್ನ್ ಹೊಡೆಯುತ್ತಿದ್ದ. ಹುಡುಗ ಬಂಡೆ ನೋಡುತ್ತಾ ಬಹಳ ಹೊತ್ತು ನಿಂತ. ಆಮೇಲೆ, 'ಹೊಡೆಯೋ ಮುಂಚೆ ಯಾಕೆ ಅಂತ ಕೇಳಬೇಕು' ಅಂದ. ಆ ಹುಡುಗನ ಮನೆಯ ಪರಿಸ್ಥಿತಿ ನನಗೆ ತಿಳಿದದ್ದು ಆ ಒಂದು ಮಾತಿನಿಂದ. ಮರುದಿನವೇ ಅವರ ಮನೆಗೆ ಹೋಗಿ ಮಾತಾಡಿ ಬಂದೆ.

ಹಾಸ್ಟೆಲ್ ಹುಡುಗಿ, 10ನೇ ತರಗತಿ

ಎಲ್ಲ ಟೀಚರ್‌ಗಳಿಗೂ ನಮಸ್ತೆ. ನಾನು ವಿದ್ಯಾರ್ಥಿನಿ, ಬರೆಯಬಹುದು ಅಂದುಕೊಂಡು ಬರೆಯುತ್ತಿದ್ದೇನೆ. ನೀವೆಲ್ಲ ಕಾಯುವುದು ಒಳ್ಳೆಯದು ಅನ್ನುತ್ತೀರಿ. ಆದರೆ ನಮ್ಮ ಕಡೆಯಿಂದ ಒಂದು ಹೇಳಬೇಕು.

ನಮ್ಮ ಟೀಚರ್ ಒಬ್ಬರು ಪ್ರಶ್ನೆ ಕೇಳಿ ನನ್ನನ್ನು ಎಬ್ಬಿಸಿ ನಿಲ್ಲಿಸುತ್ತಾರೆ. ಆಮೇಲೆ ಉತ್ತರ ಹೇಳುವ ತನಕ ನನ್ನನ್ನೇ ನೋಡುತ್ತಾ ಕಾಯುತ್ತಾರೆ. ಅವರು ಬೈಯಲ್ಲ. ಆದರೆ ಇಡೀ ಕ್ಲಾಸ್ ತಿರುಗಿ ನನ್ನ ಮುಖ ನೋಡುತ್ತದೆ. ಕಿವಿ ಬಿಸಿಯಾಗುತ್ತದೆ. ಗೊತ್ತಿದ್ದ ಉತ್ತರವೂ ಹೋಗುತ್ತದೆ. ಆಗ ಬೇಗ 'ಗೊತ್ತಿಲ್ಲ ಮಿಸ್' ಅಂದು ಕೂತರೆ ಸಾಕು ಅನಿಸುತ್ತದೆ. ಅವರು ಜಾಸ್ತಿ ಕಾದಷ್ಟೂ ನನಗೆ ಕಷ್ಟ.

ಇನ್ನೊಬ್ಬ ಸರ್ ಪ್ರಶ್ನೆಯನ್ನು ಬೋರ್ಡ್ ಮೇಲೆ ಬರೆದು, 'ಎಲ್ಲರೂ ನೋಟ್ಸಿನ ಹಿಂದಿನ ಪುಟದಲ್ಲಿ ಬರೀರಿ, ಪಕ್ಕದವರಿಗೆ ತೋರಿಸಿ' ಅನ್ನುತ್ತಾರೆ. ಅವರು ಆ ಹೊತ್ತಿನಲ್ಲಿ ಬೋರ್ಡ್ ಒರೆಸುತ್ತಿರುತ್ತಾರೆ. ಆಮೇಲೆ ಹೆಸರು ಕರೆಯುತ್ತಾರೆ. ಅವರ ಕ್ಲಾಸಿನಲ್ಲಿ ನಾನು ಎಷ್ಟೋ ಸಲ ಉತ್ತರ ಹೇಳಿದ್ದೇನೆ.

ದುರ್ಗದ ಗಣಿತ ಟೀಚರ್

ಪುಟ್ಟೀ, ನೀನು ಬರೆದದ್ದನ್ನು ನಾಲ್ಕು ಸಲ ಓದಿದೆ. ಇಷ್ಟು ಜನ ದೊಡ್ಡವರು ಸೇರಿ ನೋಡದೇ ಹೋದದ್ದನ್ನು ನೀನು ತೋರಿಸಿದೆ. ಥ್ಯಾಂಕ್ಸ್ ಕಣಮ್ಮಾ.

ನಾನು ಮೊದಲ ಸಲ ಬರೆದಾಗ ಸೆಕೆಂಡು ಎಣಿಸಿದ್ದೆ. ಅತ್ತೆ ಕಾದರು, ನಾನು ಕಾಯಲಿಲ್ಲ ಅಂದುಕೊಂಡೆ. ಈಗ ಆ ಪಡಸಾಲೆಯನ್ನು ಮತ್ತೆ ನೆನಪಿಸಿಕೊಂಡರೆ, ಅತ್ತೆ ಅವನ ಮುಖವನ್ನು ನೋಡುತ್ತಲೇ ಇರಲಿಲ್ಲ. ಅವರ ಕಣ್ಣು ಮೊರದ ಮೇಲಿತ್ತು. ಇಬ್ಬರ ಕೈಯಲ್ಲೂ ಕೆಲಸ ಇತ್ತು. ಅವನು ಉತ್ತರ ಹೇಳದಿದ್ದರೂ ಕಾಯಿ ಸುಲಿಯುವುದಂತೂ ನಡೆಯುತ್ತಿತ್ತು. ಶನಿವಾರ ನಾನು ಬಾಯಿ ಮುಚ್ಚಿಕೊಂಡು ಒಂದು ನಿಮಿಷ ಕಾದಿದ್ದರೂ ಅವನು ಅಳುತ್ತಿದ್ದನೇನೋ. ಯಾಕೆಂದರೆ ನಾನು ಅವನ ಪೆನ್ಸಿಲ್ ತುದಿಯನ್ನೇ ನೋಡುತ್ತಾ ಕೂತಿದ್ದೆ. ಹರಿಹರದ ಅಕ್ಕಾ, ನಿಮ್ಮ ಮಗ ಸ್ಕೂಟರಿನ ಹಿಂದೆ ಕೂತಾಗ ಯಾಕೆ ಮಾತಾಡುತ್ತಾನೆ ಅಂತ ಈಗ ನನಗೆ ಅರ್ಥವಾಯಿತು. ನಿಮ್ಮ ಕಣ್ಣು ರಸ್ತೆಯ ಮೇಲಿರುತ್ತದೆ.

ಕಿಟಕಿ ಪಕ್ಕದ ಹುಡುಗಿಯ ಬಗ್ಗೆ ಹೆಮ್ಮೆಯಿಂದ ಬರೆದಿದ್ದೆ. ಆದರೆ ಕೈ ಎತ್ತದೇ ಉಳಿದವರು ಎಷ್ಟು ಜನ ಇದ್ದಾರೋ. ಅವರನ್ನು ನಾನು ಎಬ್ಬಿಸಿ ನಿಲ್ಲಿಸಿದ್ದುಂಟು. ನಾಳೆಯಿಂದ ಹಿಂದಿನ ಪುಟದ ವಿಧಾನ ಮಾಡುತ್ತೇನೆ.

ಸಿಲಬಸ್ ಮೇಷ್ಟ್ರು, ದಾವಣಗೆರೆ

ಹಾಸ್ಟೆಲ್ ಹುಡುಗಿಗೆ: ಮಗಳೇ, ಎಬ್ಬಿಸಿ ನಿಲ್ಲಿಸುವ ಮೇಷ್ಟ್ರು ನಾನೇ. ನಿಮ್ಮ ಶಾಲೆಯವನಲ್ಲ, ಆದರೆ ಆ ಕೆಲಸ ದಿನಾ ಮಾಡುತ್ತೇನೆ. ಮಕ್ಕಳು ಎಚ್ಚರ ಇರಲಿ ಅಂತ ಮಾಡುತ್ತಿದ್ದೆ. ಕಿವಿ ಬಿಸಿಯಾಗುತ್ತದೆ ಅಂತ ಯಾರೂ ನನಗೆ ಹೇಳಿರಲಿಲ್ಲ.

ಇವತ್ತು 58 ಮಕ್ಕಳ ಕೈಲೂ ಬರೆಸಿದೆ. ಎರಡು ನಿಮಿಷ ಹಿಡಿಯಿತು. ಸಂತೆ ಆಗಲಿಲ್ಲ, ಪೆನ್ನಿನ ಸದ್ದು ಮಾತ್ರ. ಬೆಂಚುಗಳ ನಡುವೆ ಓಡಾಡಿದಾಗ ಒಂದೇ ತಪ್ಪನ್ನು ಹತ್ತೊಂಬತ್ತು ಮಕ್ಕಳು ಮಾಡಿದ್ದು ಕಂಡಿತು. ಆ ಪಾಠ ಮುಗಿಸಿ ಎರಡು ವಾರ ಆಗಿದೆ. ಎಲ್ಲರಿಗೂ ಬಂದಿದೆ ಅಂದುಕೊಂಡಿದ್ದೆ. ನಾಳೆ ಅದನ್ನು ಮತ್ತೆ ಮಾಡುತ್ತೇನೆ.

ಹರಿಹರದ ಅಮ್ಮ

ಮಗನಿಗೆ ಸಾರಿ ಕೇಳಿದೆ. 'ಪರವಾಗಿಲ್ಲ ಬಿಡಮ್ಮ' ಅಂದ. ಆಮೇಲೆ ಪುಸ್ತಕ ಮುಚ್ಚಿ ಮೇಲೆ ನೋಡುತ್ತಾ ಕೂತಿದ್ದ. ನಾನು ಬಟ್ಟೆ ಮಡಚುತ್ತಾ ಅಲ್ಲೇ ಇದ್ದೆ. ಏನೂ ಕೇಳಲಿಲ್ಲ.

ದುರ್ಗದ ಗಣಿತ ಟೀಚರ್

ಹತ್ತು ದಿನ ಆಯಿತು, ಏನಾಯಿತು ಅಂತ ಕೆಲವರು ಕೇಳಿದ್ದೀರಿ.

ನಿನ್ನೆ ಸಂಜೆ ಮಗನಿಗೆ ಲೆಕ್ಕ ಕೊಟ್ಟು, ನಾನು ಎದುರು ಕೂರದೆ ಪಕ್ಕದಲ್ಲಿ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದೆ. ಒಂದು ಸಲ ತಲೆ ಎತ್ತಿ, 'ಅಮ್ಮ, ನೀನು ನೋಡ್ತಾ ಇಲ್ಲ ತಾನೇ?' ಅಂದ. 'ಇಲ್ಲ ಮಗಾ, ಸೊಪ್ಪಲ್ಲಿ ಹುಳ ಇದೆಯೇನೋ ನೋಡ್ತಾ ಇದ್ದೀನಿ' ಅಂದೆ. ರಬ್ಬರ್ ಉಜ್ಜುವ ಸದ್ದು ಬಂತು. ಮತ್ತೆ ಬರೆದ. ಮತ್ತೆ ಉಜ್ಜಿದ. ನನ್ನ ಕೈಯಲ್ಲಿದ್ದ ಎಲೆ ಮುದುಡಿ ಹೋಗಿತ್ತು, ಅಷ್ಟು ಹಿಡಿದುಕೊಂಡಿದ್ದೆ. ಐದು ಲೆಕ್ಕದಲ್ಲಿ ನಾಲ್ಕು ಸರಿ ಬಂದವು. ಐದನೆಯದನ್ನು ನಾನು ಹೇಳಲು ಹೋಗಲಿಲ್ಲ. 'ಅಜ್ಜಿಗೆ ಫೋನ್ ಮಾಡಿ ಕೇಳ್ತೀನಿ' ಅಂತ ಎದ್ದು ಹೋದ. ಅಲ್ಲಿ ಅವರಿಬ್ಬರೂ ಅರ್ಧ ಗಂಟೆ ಪಾವು, ಚಟಾಕು ಅಂತ ಏನೇನೋ ಮಾತಾಡಿಕೊಂಡರು.

ಅತ್ತೆ ಊರಿಗೆ ಹೋಗುವಾಗ ಆ ಹಿತ್ತಾಳೆ ಪಾವನ್ನು ಇಲ್ಲೇ ಬಿಟ್ಟು ಹೋಗಿದ್ದಾರೆ. ಸೋಮವಾರ ಅದನ್ನು 8ನೇ ತರಗತಿಗೆ ಒಯ್ಯುತ್ತಿದ್ದೇನೆ. ಒಂದು ಸೇರು ಅಕ್ಕಿ ಬೇಕು ಅಂತ ಬಿಸಿಯೂಟದ ಅಕ್ಕನನ್ನು ಕೇಳಿದೆ. ಕೊಡುತ್ತಾರಂತೆ, ಹನ್ನೊಂದು ಗಂಟೆಯೊಳಗೆ ಒಂದು ಕಾಳೂ ಚೆಲ್ಲದೆ ವಾಪಸ್ ಕೊಡಬೇಕಂತೆ.